ಸಭೆಯೊಳಗೆ ದುರ್ಬೋಧನೆ ನುಗ್ಗದಂತೆ ಕಾಯೋದು ಪಾಸ್ಟರ್ ಒಬ್ಬರ ಕೆಲಸವಾ?

ಮೂಲೆಬೆಂಚು
ಎಲ್ಲರಿಗೂ ವಂದನೆ. ನೂರು, ನೂರೈವತ್ತು ಜನರ ಸಭೆ (ಚರ್ಚ್), ಒಬ್ಬರು ಪಾಸ್ಟರ್, ನಾಲ್ಕು ಜನ ಹಿರಿಯರು, ಆರೇಳು ಮನೆಕೂಟ ಅಂತಿಟ್ಕೊಳ್ಳಿ. ಭಾನುವಾರದ ಪ್ರಸಂಗ, ಅಂದ್ರೆ ಪಾಸ್ಟರ್ ಕೊಡೋ ಬೋಧನೆ, ಸರಿಯಾಗೇ ಇರುತ್ತೆ. ತೊಂದರೆ ಇರೋದು ಉಳಿದ ಆರು ದಿನ. ವಾಟ್ಸಾಪ್‌ನಲ್ಲಿ ಓಡಾಡೋ ಮೂರು ನಿಮಿಷದ ವಿಡಿಯೋ, ಮನೆಕೂಟದಲ್ಲಿ ಯಾರೋ ತಂದು ಓದೋ ಪುಸ್ತಕ, ಎಲ್ಲಿಂದಲೋ ಕರೆಸಿದ ಅತಿಥಿ ಬೋಧಕರು. "ಕಾಯಿಲೆ ವಾಸಿಯಾಗಿಲ್ಲ ಅಂದ್ರೆ ನಿನ್ನ ನಂಬಿಕೆಯಲ್ಲೇ ದೋಷ", "ಅಭಿಷಿಕ್ತರನ್ನ (ದೇವರು ಅಭಿಷೇಕಿಸಿದ ಸೇವಕರನ್ನ) ಪ್ರಶ್ನೆ ಮಾಡಿದ್ರೆ ಶಾಪ" ಇಂಥವು. ಸದಸ್ಯರನ್ನ ಕೇಳಿದ್ರೆ "ಪಾಸ್ಟರ್ ನೋಡ್ಕೋತಾರೆ" ಅಂತಾರೆ. ಪಾಸ್ಟರ್‌ಗೆ ವಿಷಯ ಗೊತ್ತಾಗೋದೇ ಕೊನೆಗೆ. ಈ ಕೆಲಸ ಹಂಚಿಕೊಳ್ಳೋದು ಹೇಗೆ? ಉಪದೇಶ ಬೇಡ, ಕೆಲಸಕ್ಕೆ ಬರೋ ಕ್ರಮ ಹೇಳಿ.

ತೀತ_1_9
ಮೊದಲು ಆ "ಪಾಸ್ಟರ್ ನೋಡ್ಕೋತಾರೆ" ಅನ್ನೋದು ಹೋಗಬೇಕು. ಅಪೊಸ್ತಲ ಪೌಲ ಮಿಲೇತಕ್ಕೆ ಕರೆಸಿದ್ದು ಎಫೆಸದ ಹಿರಿಯರನ್ನ, ಒಬ್ಬ ಹಿರಿಯನನ್ನಲ್ಲ (ಅಪೊಸ್ತಲರ ಕೃತ್ಯಗಳು, ಅ. ಕೃ. 20). ತೋಳಗಳು, ಅಂದ್ರೆ ಸುಳ್ಳು ಬೋಧಕರು, ಹೊರಗಿಂದ ಬರ್ತವೆ ಅಂದವನು ಮರುವಾಕ್ಯದಲ್ಲೇ "ನಿಮ್ಮೊಳಗಿಂದಲೂ ಏಳ್ತಾರೆ" ಅಂದ. ಹಿರಿಯರೇ ದಾರಿ ತಪ್ಪಬಹುದು ಅಂತಾದ ಮೇಲೆ ಕಾವಲನ್ನ ಒಬ್ಬರ ಕೈಗೆ ಒಪ್ಪಿಸೋದು ಹೇಗೆ? ಗಲಾತ್ಯದ ಪತ್ರ ಬರೆದದ್ದು ಸಭೆಗಳಿಗೆ. ಬೇರೆ ಸುವಾರ್ತೆ ತಂದವನು ದೇವದೂತನೇ ಆದರೂ ಒಪ್ಪಬೇಡಿ ಅನ್ನೋ ಹೊಣೆ ಸಾಮಾನ್ಯ ಸದಸ್ಯರ ಮೇಲೇ ಇದೆ.

ಸುಮ್ನೆ_ಓದುವವ
ಪ್ರಶ್ನೆ ಒಳ್ಳೇದೇ, ಆದ್ರೆ ಭಯವೂ ಆಗುತ್ತೆ. "ಕಾವಲು ಸಮಿತಿ" ಅಂತ ಒಂದು ಶುರುವಾದ್ರೆ ಆರು ತಿಂಗಳಲ್ಲಿ ಅದು ಪೊಲೀಸ್ ಠಾಣೆ ಆಗುತ್ತೆ. ಯಾರು ಯಾವ ಹಾಡು ಹಾಡಿದ್ರು, ಯಾರು ಯಾರ ಚಾನೆಲ್ ನೋಡಿದ್ರು...

ತೀತ_1_9
ಅದಕ್ಕೇ ಹೊಸ ಸಮಿತಿ ಬೇಡ ಅನ್ನೋದು. ಇರೋ ಹಿರಿಯರು, ಮನೆಕೂಟದ ನಾಯಕರು, ಸಂಡೇ ಸ್ಕೂಲ್ ಶಿಕ್ಷಕರು, ಹಾಡು ನಡೆಸೋರು ಸಾಕು. ಅವರವರ ಬಾಗಿಲು ಅವರವರು ನೋಡಿಕೊಳ್ಳಲಿ.

ಹಳೇಒಡಂಬಡಿಕೆ
ಏನನ್ನು ಕಾಯಬೇಕು ಅನ್ನೋದು ಮೊದಲು ತೀರ್ಮಾನವಾಗಬೇಕು, ಇಲ್ಲಾಂದ್ರೆ ಎಲ್ಲದಕ್ಕೂ ಜಗಳ. ಮೂರು ಸಾಲು ಮಾಡಿ ಬರೆದಿಟ್ಟುಕೊಳ್ಳಿ.

ಮೊದಲ ಸಾಲು: ಇದು ಹೋದರೆ ಕ್ರೈಸ್ತ ನಂಬಿಕೆಯೇ ಹೋಯಿತು ಅನ್ನುವಂಥದ್ದು. ತ್ರಯೇಕ ದೇವರು (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು), ಯೇಸು ಪೂರ್ಣ ದೇವರೂ ಪೂರ್ಣ ಮನುಷ್ಯನೂ ಆಗಿರುವುದು, ಶಿಲುಬೆ, ಶಾರೀರಿಕ ಪುನರುತ್ಥಾನ, ಕೃಪೆಯಿಂದ ರಕ್ಷಣೆ, ಆತನ ಮರುಬರೋಣ. ಎರಡನೇ ಸಾಲು: ಒಂದು ಸಭೆ ಒಟ್ಟಿಗೆ ನಡೆಯೋಕೆ ಬೇಕಾದದ್ದು. ಶಿಶುವಿಗೆ ದೀಕ್ಷಾಸ್ನಾನವೋ ನಂಬಿದವರಿಗೆ ಮಾತ್ರವೋ, ಸಭೆಯ ಆಡಳಿತ ಹೇಗೆ, ಇಂಥವು. ಇದರಲ್ಲಿ ಬೇರೆ ಮತ ಇದ್ದವನು ಸುಳ್ಳು ಬೋಧಕ ಅಲ್ಲ, ಬೇರೆ ಸಭೆಯ ಸಹೋದರ. ಮೂರನೇ ಸಾಲು: ರೋಮಾ 14ರ ಊಟ, ದಿನಗಳ ವಿಷಯ, ಸಾವಿರ ವರುಷದ ಆಳ್ವಿಕೆಯ ವಿವರ. ಇಲ್ಲಿ ಬಾಯಿ ಮುಚ್ಚಿಕೊಂಡಿರೋದೇ ಲೇಸು.

ಗಲಾಟೆಯಲ್ಲಿ ಮುಕ್ಕಾಲು ಪಾಲು ಮೂರನೇ ಸಾಲಿನದ್ದನ್ನ ಮೊದಲ ಸಾಲಿಗೆ ಎತ್ತಿ ಕಟ್ಟೋದರಿಂದ ಆಗೋದು.

ಬೆರೋಯ_ದೀಪ
+1. ಜೊತೆಗೆ ಇದೂ: ಎಡವಟ್ಟು ಮಾತೆಲ್ಲ ದುರ್ಬೋಧನೆ ಅಲ್ಲ. ಅಪೊಲ್ಲೋಸನಿಗೆ ಯೋಹಾನನ ದೀಕ್ಷಾಸ್ನಾನ ಮಾತ್ರ ಗೊತ್ತಿತ್ತು. ಪ್ರಿಸ್ಕಿಲ್ಲ, ಅಕ್ವಿಲ ಅವನನ್ನ ಕರಕೊಂಡು ಹೋಗಿ ಬಿಡಿಸಿ ಹೇಳಿದ್ರು (ಅ. ಕೃ. 18:26). ಅವನು ಕಲಿತ, ಆಮೇಲೆ ಸಭೆಗೆ ದೊಡ್ಡ ಸಹಾಯವಾದ. ಹುಮೆನಾಯ, ಫಿಲೇತರದ್ದು ಬೇರೆ ಕಥೆ. ಪುನರುತ್ಥಾನ ಆಗಿಹೋಯಿತು ಅಂತ ಹೇಳಿಕೊಂಡು ಕೆಲವರ ನಂಬಿಕೆಯನ್ನೇ ಕೆಡವಿದ್ರು (2 ತಿಮೊಥೆ 2:18). ತಿದ್ದಿದಾಗ ಏನು ಮಾಡ್ತಾರೆ ಅನ್ನೋದರಲ್ಲೇ ವ್ಯತ್ಯಾಸ ತಿಳಿಯೋದು.

ಗಿಟಾರ್_ತಮ್ಮ
ಬಿಷಪ್‌ಗಳು ಸೇರಿದ್ದ ನೈಸಿಯದ ಮಹಾಸಭೆಯಲ್ಲಿ ಇದೆಲ್ಲ ಮುಗಿದಿತ್ತಲ್ವಾ? 325ರಲ್ಲಿ ಬೈಬಲ್‌ನಲ್ಲಿ ಯಾವ ಪುಸ್ತಕ ಇರಬೇಕು ಅಂತ ವೋಟ್ ಹಾಕಿ ಮುಗಿಸಿದ್ರು.

ಹಳೇಒಡಂಬಡಿಕೆ
ಇಲ್ಲ ಸ್ವಾಮಿ, ಈ ಕಟ್ಟುಕಥೆಯೂ ಫಾರ್ವರ್ಡ್ ಆಗಿ ಬಂದಿದ್ದೇ. ನೈಸಿಯದಲ್ಲಿ ಚರ್ಚೆಯಾದದ್ದು ಅರಿಯಸ್‌ನ ಬೋಧನೆ (ಮಗನು ಸೃಷ್ಟಿಯಾದವನು, ತಂದೆಗೆ ಸಮನಲ್ಲ ಅನ್ನೋದು), ಪಾಸ್ಕದ (ಈಸ್ಟರ್‌ನ) ದಿನ, ಸಭೆಯ ಶಿಸ್ತು. ಅಲ್ಲಿನ 20 ನಿಯಮಗಳಲ್ಲಿ ಪುಸ್ತಕಗಳ ಪಟ್ಟಿ ಇಲ್ಲ. ಹೊಸ ಒಡಂಬಡಿಕೆಯ ಇಂದಿನ 27 ಪುಸ್ತಕಗಳ ಪಟ್ಟಿ ಹಾಗೇ ಸಿಗೋದು ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ 367ರಲ್ಲಿ ಬರೆದ ಪಾಸ್ಕದ ಪತ್ರದಲ್ಲಿ. ಅದಕ್ಕೂ ಇನ್ನೂರು ವರ್ಷ ಹಿಂದೆ ಮಾರ್ಸಿಯನ್ ಹಳೇ ಒಡಂಬಡಿಕೆ ಪೂರ್ತಿ ಬಿಟ್ಟು, ಕತ್ತರಿಸಿದ ಲೂಕ ಮತ್ತು ಪೌಲನ ಹತ್ತು ಪತ್ರ ಇಟ್ಟುಕೊಂಡಾಗಲೇ ರೋಮಿನ ಸಭೆ ಅವನನ್ನ ಹೊರಗೆ ಹಾಕಿತ್ತು. ವೋಟಿಗೆ ಕಾಯಲಿಲ್ಲ.

ಸುಮ್ನೆ_ಓದುವವ
ವೋಟ್ ಮಾತು ಬಂತಲ್ಲ, ಕೇಳಿ. 359ರಲ್ಲಿ ಇಟಲಿಯ ರಿಮಿನಿಯಲ್ಲಿ ನಾನೂರಕ್ಕೂ ಹೆಚ್ಚು ಬಿಷಪ್‌ಗಳು ಸೇರಿ, ಕೊನೆಗೆ ಚಕ್ರವರ್ತಿಯ ಒತ್ತಡಕ್ಕೆ ಅರಿಯಸ್ ಪಕ್ಷಕ್ಕೆ ಅನುಕೂಲವಾದ ಹೇಳಿಕೆಗೆ ಸಹಿ ಹಾಕಿದ್ರು. ಅರಿಯಸ್‌ನನ್ನ ವಿರೋಧಿಸಿದ ಅಥನಾಸಿಯಸ್‌ಗೆ ಐದು ಸಲ ಗಡಿಪಾರು. "ಎಲ್ಲರೂ ಸೇರಿ ಕಾಯೋಣ" ಅನ್ನೋದಕ್ಕೆ ಇದೂ ಉದಾಹರಣೆ. ಎಲ್ಲರೂ ಸೇರಿಯೇ ತಪ್ಪಿದ್ರು!

ತೀತ_1_9
ಸರಿಯೇ. ಬಹುಮತ ಅಳತೆಗೋಲಲ್ಲ, ವಾಕ್ಯ ಅಳತೆಗೋಲು. ಆದ್ರೆ ರಿಮಿನಿಯ ಸಹಿಯನ್ನ ಆಮೇಲೆ ತಿರಸ್ಕರಿಸಿದ್ದೂ ಸಭೆಗಳೇ, 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆವರೆಗೆ ಹೋರಾಡಿದ್ದೂ ಒಬ್ಬರಲ್ಲ.

ನಿರ್ವಾಹಕ
ಇತಿಹಾಸ ಚೆನ್ನಾಗಿದೆ, ಆದ್ರೆ ಮೂಲ ಪ್ರಶ್ನೆ ಕ್ರಮದ ಬಗ್ಗೆ. ಅಲ್ಲಿಗೆ ಬರೋಣ.

ಬೆರೋಯ_ದೀಪ
ಮೂಲೆಬೆಂಚು ಅವರೇ, ವಿಡಿಯೋದಿಂದ ಶುರು ಮಾಡ್ತೀನಿ. ಒಂದು ಮಾತು ಅನುಮಾನ ಬರಿಸಿದ್ರೆ ಮೊದಲ ಕೆಲಸ ಅದನ್ನ ಅವರು ಹೇಳಿದ ಹಾಗೇ ಬರೆದುಕೊಳ್ಳೋದು. ನಿಮಗೆ ಅರ್ಥವಾದ ಹಾಗಲ್ಲ, ಹೇಳಿದ ಹಾಗೆ. ಎಷ್ಟನೇ ನಿಮಿಷ, ಯಾವ ದಿನಾಂಕ, ಯಾವ ವಾಕ್ಯದ ಮೇಲೆ. ಆಮೇಲೆ ಪೂರ್ತಿ ಪ್ರಸಂಗ ಕೇಳಿ. ಮೂರು ನಿಮಿಷದ ತುಣುಕಿನಲ್ಲಿ "ಕೆಲವರು ಹೀಗೆ ಹೇಳ್ತಾರೆ" ಅನ್ನೋ ಮೊದಲ ಸಾಲು ಕತ್ತರಿಸಿ ಹೋಗಿರೋದು ಹೊಸದೇನಲ್ಲ. ಇಷ್ಟು ಮಾಡಿದ ಮೇಲೂ ಅನುಮಾನ ಉಳಿದ್ರೆ ಆ ವಾಕ್ಯದ ಅಧ್ಯಾಯ ಪೂರ್ತಿ ಓದಿ.

ಉದಾಹರಣೆಗೆ "ಯೆಶಾಯ 53:5ರ ಪ್ರಕಾರ ಪ್ರತಿ ವಿಶ್ವಾಸಿಗೂ ಈಗಲೇ ದೈಹಿಕ ಗುಣ ಗ್ಯಾರಂಟಿ, ಗುಣವಾಗದಿದ್ರೆ ನಂಬಿಕೆ ಇಲ್ಲ" ಅನ್ನೋದು. 53ನೇ ಅಧ್ಯಾಯ ಓದಿದ್ರೆ ಮಾತು ದ್ರೋಹ, ಅಪರಾಧ, ದೋಷಪರಿಹಾರದ್ದು. 1 ಪೇತ್ರ 2:24 ಅದನ್ನ ಪಾಪಕ್ಕೆ ಸತ್ತು ನೀತಿಗಾಗಿ ಜೀವಿಸೋದಕ್ಕೆ ಅನ್ವಯಿಸುತ್ತೆ. ಎದುರು ಪಕ್ಷದ ಬಲವಾದ ವಾಕ್ಯವನ್ನೂ ಬಚ್ಚಿಡಬಾರದು: ಮತ್ತಾಯ 8:17 ಅದೇ ಅಧ್ಯಾಯವನ್ನ ಯೇಸು ರೋಗಿಗಳನ್ನ ವಾಸಿಮಾಡಿದ್ದಕ್ಕೆ ಜೋಡಿಸುತ್ತೆ. ಹಾಗಾಗಿ "ದೇವರು ವಾಸಿಮಾಡಲ್ಲ" ಅನ್ನೋದೂ ತಪ್ಪು. ಯಾಕೋಬ 5:14 ಹಿರಿಯರನ್ನ ಕರೆಸಿ ಪ್ರಾರ್ಥಿಸಿ ಅಂತಲೇ ಹೇಳುತ್ತೆ. ತಪ್ಪಿರೋದು ಆ "ಗ್ಯಾರಂಟಿ"ಯಲ್ಲಿ, ರೋಗಿಯ ಮೇಲೆ ಹೊರಿಸೋ ದೂರಿನಲ್ಲಿ. ಪೌಲ ತನ್ನ ಜೊತೆಗಾರ ತ್ರೊಫಿಮನನ್ನ ಮಿಲೇತದಲ್ಲಿ ಅಸ್ವಸ್ಥನಾಗೇ ಬಿಟ್ಟುಬಂದ (2 ತಿಮೊಥೆ 4:20). ಇನ್ನೊಬ್ಬ ಜೊತೆಗಾರ ಎಪಫ್ರೊದೀತ ಸಾಯೋ ಹಾಗಿದ್ದ. ತಿಮೊಥೆಗೆ ಹೊಟ್ಟೆಯ ತೊಂದರೆ. ಪೌಲನ ಶರೀರದಲ್ಲಿದ್ದ ಮುಳ್ಳು (ಅವನನ್ನ ಕಾಡುತ್ತಿದ್ದ ಬಾಧೆ) ಮೂರು ಸಲ ಬೇಡಿದ್ರೂ ಹೋಗಲಿಲ್ಲ. ಇವರಿಗೆಲ್ಲ ನಂಬಿಕೆ ಸಾಲದಾಗಿತ್ತಾ?

ಇದಿಷ್ಟೂ ಅರ್ಧ ಪುಟದಲ್ಲಿ ಬರುತ್ತೆ. ಈ ಅರ್ಧ ಪುಟ ಕೈಯಲ್ಲಿಲ್ಲದೆ ಹಿರಿಯರ ಹತ್ರ ಹೋಗಬೇಡಿ.

ಖಜಾಂಚಿ_ಅಕ್ಕ
ಮಾತ್ರೆ ನಿಲ್ಲಿಸಿ ಅಂತ ಹೇಳೋ ಬೋಧಕರಿದ್ರೆ ಅರ್ಧ ಪುಟ ಬರೆಯುತ್ತಾ ಕೂರಬೇಡಿ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಬಿಟ್ಟರೆ ಜೀವಕ್ಕೇ ಬರುತ್ತೆ. ಅವತ್ತೇ ಆ ಮನೆಗೆ ಹೋಗಬೇಕು, ಚರ್ಚೆ ನಾಳೆ.

ಬೆರೋಯ_ದೀಪ
ಒಪ್ಪಿದೆ. ಅದು ಬೋಧನೆಯ ವಿಷಯ ಮೀರಿದ್ದು.

ಮೂಲೆಬೆಂಚು
ಮತ್ತೆ ಆ "ಅಭಿಷಿಕ್ತರನ್ನ ಮುಟ್ಟಬೇಡಿ"? ಅದು ಬಾಯಿ ಮುಚ್ಚಿಸೋಕೆ ಸಲೀಸಾದ ವಾಕ್ಯ.

ಹಳೇಒಡಂಬಡಿಕೆ
ಕೀರ್ತನೆ 105:15. ಅಲ್ಲಿ ಹೇಳಿರೋದು ಅಬ್ರಹಾಮ, ಇಸಾಕ, ಯಾಕೋಬರ ಬಗ್ಗೆ, ಪರದೇಶಗಳಲ್ಲಿ ಅಲೆಯುವಾಗ ರಾಜರು ಅವರಿಗೆ ಕೇಡು ಮಾಡಬಾರದು ಅಂತ. ಪ್ರಸಂಗ ಪರೀಕ್ಷಿಸಬಾರದು ಅಂತ ಅಲ್ಲ. ದಾವೀದ ಮತ್ತು ಸೌಲರ ಉದಾಹರಣೆ ಕೊಡ್ತಾರೆ, ಅದನ್ನೂ ಅರ್ಧ ಓದ್ತಾರೆ. 1 ಸಮುವೇಲ 24ರಲ್ಲಿ ದಾವೀದ ತನ್ನನ್ನ ಕೊಲ್ಲೋಕೆ ಬೆನ್ನಟ್ಟಿದ್ದ ಅಭಿಷಿಕ್ತ ರಾಜ ಸೌಲನ ಮೇಲೆ ಕೈ ಮಾಡಲಿಲ್ಲ, ನಿಜ. ಆದ್ರೆ ಗುಹೆಯಿಂದ ಹೊರಗೆ ಬಂದು ಎಲ್ಲರಿಗೂ ಕೇಳೋ ಹಾಗೆ ಕೂಗಿ, ನೀನು ಮಾಡ್ತಿರೋದು ಅನ್ಯಾಯ, ಯೆಹೋವನೇ ನ್ಯಾಯ ತೀರಿಸಲಿ ಅಂದ. ಇನ್ನು 1 ಯೋಹಾನ 2:20 ಅಭಿಷೇಕ ಹೊಂದಿದವರು ಅನ್ನೋದು ಇಡೀ ಸಭೆಯನ್ನ.

ಗಿಟಾರ್_ತಮ್ಮ
ಸರಿ, ಅರ್ಧ ಪುಟ ರೆಡಿ. ಮತ್ತಾಯ 18ರ ಪ್ರಕಾರ ಮೊದಲು ಒಬ್ಬರೇ ಹೋಗಿ ಮಾತಾಡಬೇಕು ಅಲ್ವಾ?

ತೀತ_1_9
ಸಾವಿರಾರು ಜನ ನೋಡಿರೋ ವಿಡಿಯೋಗೆ ಮತ್ತಾಯ 18 ಹಾಗೇ ಹೊಂದಲ್ಲ. ಅದು ಸಹೋದರರ ನಡುವಿನ ತಪ್ಪಿಗೆ ಕೊಟ್ಟ ಕ್ರಮ. ಎಲ್ಲರ ಮುಂದೆ ಆದದ್ದಕ್ಕೆ ಪೌಲ ಅಂತಿಯೋಕ್ಯದಲ್ಲಿ ಕೇಫನನ್ನ (ಪೇತ್ರನನ್ನ) ಎಲ್ಲರ ಮುಂದೆಯೇ ಕೇಳಿದ (ಗಲಾತ್ಯ 2:14).

ಬೆರೋಯ_ದೀಪ
ಇಲ್ಲಿ ನನಗೆ ಭಿನ್ನಾಭಿಪ್ರಾಯ. ಹೊರಗಿನ ಯಾರದ್ದೋ ಚಾನೆಲ್ ಆದ್ರೆ ನೀವು ಹೇಳಿದ್ದು ಸರಿ. ಆದ್ರೆ ನಮ್ಮದೇ ಮನೆಕೂಟದ ನಾಯಕ ಒಂದು ಮಾತು ಹೇಳಿದ್ದಕ್ಕೆ ಭಾನುವಾರ ಎದ್ದು ನಿಂತು ಕೇಳೋದು ಒರಟುತನ. ಅಲ್ಲಿ ಪ್ರಿಸ್ಕಿಲ್ಲಳ ಹಾಗೆ ಪಕ್ಕಕ್ಕೆ ಕರೆದು ಹೇಳೋ ದಾರಿಯೇ ಸರಿ. ಸಾರ್ವಜನಿಕವಾಗಿ ತಿದ್ದೋ ಹಕ್ಕಿದೆ ಅಂದ ಮಾತ್ರಕ್ಕೆ ಅದೇ ಮೊದಲ ಹೆಜ್ಜೆ ಆಗಬೇಕಿಲ್ಲ.

ತೀತ_1_9
ಆಯ್ತು, ಒಳಗಿನವರಿಗೆ ಮೊದಲು ಖಾಸಗಿಯಾಗಿ. ಆದ್ರೆ ಗಡುವು ಇರಲಿ. "ಮಾತಾಡ್ತಾ ಇದ್ದೀವಿ" ಅಂತ ಒಂದು ವರ್ಷ ಎಳೆದ್ರೆ ಅಷ್ಟರಲ್ಲಿ ಇಡೀ ಕೂಟವೇ ಆ ಕಡೆ ಹೋಗಿರುತ್ತೆ. ನನ್ನ ಪ್ರಕಾರ ಕ್ರಮ ಹೀಗಿರಲಿ.

ಇಬ್ಬರು ಹಿರಿಯರು ಹೋಗಬೇಕು, ಒಬ್ಬರಲ್ಲ. ಒಬ್ಬರೇ ಹೋದ್ರೆ ಆಮೇಲೆ "ನಾನು ಹಾಗೆ ಹೇಳಲೇ ಇಲ್ಲ" ಅನ್ನೋದಕ್ಕೆ ಮದ್ದಿಲ್ಲ. ಅವರ ಮಾತನ್ನೇ ಓದಿ, "ನೀವು ಹೇಳಿದ್ದು ಇದೇನಾ? ಏನರ್ಥದಲ್ಲಿ?" ಅಂತ ಕೇಳಿ ಬಿಡಿ. ಹತ್ತರಲ್ಲಿ ಏಳೆಂಟು ಇಲ್ಲೇ ಮುಗೀಬೇಕು. ಮುಗೀದಿದ್ರೆ ಎರಡನೇ ಭೇಟಿ, ಸುಮಾರು ಎರಡು ವಾರ ಬಿಟ್ಟು, ಓದಿಕೊಂಡು ಬರೋಕೆ ಅವರಿಗೆ ಸಮಯ ಕೊಟ್ಟು. ಆ ಮಧ್ಯೆ ಅವರು ಬೋಧಿಸಬಾರದು, ಕೂಟಕ್ಕೆ ಬರಬಹುದು. ಈ ಮಾತನ್ನ ಮೊದಲ ದಿನವೇ ಹೇಳಬೇಕು. ಎರಡು ಸಲ ಬುದ್ಧಿ ಹೇಳಿದ ಮೇಲೆ ಬಿಟ್ಟುಬಿಡು ಅನ್ನೋದು ತೀತ 3:10. ಆಮೇಲೆ ಸಭೆಗೆ ತಿಳಿಸೋದು.

ದೂರು ಹಿರಿಯರ ಮೇಲೆಯೇ ಆದ್ರೆ 1 ತಿಮೊಥೆ 5:19, ಇಬ್ಬರು ಮೂವರ ಸಾಕ್ಷಿ ಇಲ್ಲದೆ ತಗೋಬಾರದು. ಆದ್ರೆ ಮುಂದಿನ ವಾಕ್ಯವನ್ನೂ ಓದಿ: ಪಾಪದಲ್ಲೇ ಮುಂದುವರಿಯೋರನ್ನ ಎಲ್ಲರ ಮುಂದೆ ಗದರಿಸು. ಮೊದಲನೇದನ್ನ ಮಾತ್ರ ಕಂಠಪಾಠ ಮಾಡಿರೋ ಹಿರಿಯರು ಬಹಳ.

ಖಜಾಂಚಿ_ಅಕ್ಕ
ಒಂದು ಗೆರೆ ಕೆಂಪು ಶಾಯಿಯಲ್ಲಿ ಎಳೆಯಿರಿ. ಮಗುವಿಗೆ, ಹೆಂಗಸಿಗೆ ಕಿರುಕುಳ, ಹಣದ ವಂಚನೆ ಇದ್ದರೆ ಅದು ಇಬ್ಬರು ಹಿರಿಯರ ಭೇಟಿಯ ವಿಷಯ ಅಲ್ಲ. ಪೊಲೀಸರಿಗೆ ಹೋಗಬೇಕು. "ಸಾಕ್ಷಿ ಇಬ್ಬರು ತನ್ನಿ" ಅಂತ ಬಲಿಯಾದವರನ್ನ ಕೂರಿಸೋ ಸಭೆ ಕಾಯ್ತಿರೋದು ತನ್ನ ಹೆಸರನ್ನ, ಮಂದೆಯನ್ನಲ್ಲ.

ಸುಮ್ನೆ_ಓದುವವ
ಇದಕ್ಕೆ ನೂರು ಲೈಕ್.

ಸಂಡೇಸ್ಕೂಲ್_ಮಿಸ್
ಎಲ್ಲರೂ ದೊಡ್ಡವರ ಬಗ್ಗೆಯೇ ಮಾತಾಡ್ತಿದ್ದೀರಿ. ಮಕ್ಕಳ ತರಗತಿ ಯಾರು ನೋಡ್ತಾರೆ? ತ್ರಯೇಕತ್ವಕ್ಕೆ ನೀರು, ಮಂಜುಗಡ್ಡೆ, ಆವಿ ಅಂತ ಚಾರ್ಟ್ ಬರೆಸೋದು ಇನ್ನೂ ನಡೀತಿದೆ. ಒಂದೇ ನೀರು ಮೂರು ರೂಪ ತಾಳೋ ಹಾಗೆ ಒಬ್ಬನೇ ಮೂರು ವೇಷ ಹಾಕ್ತಾನೆ ಅನ್ನೋದು ಮೂರನೇ ಶತಮಾನದ ಸಬೆಲ್ಲಿಯಸ್‌ನ ಬೋಧನೆ. ಸಭೆ ಆಗಲೇ ತಳ್ಳಿಹಾಕಿದ್ದು. ಅದರ ಬದಲು ಮತ್ತಾಯ 3:16-17 ಓದಿಸಿ. ಮಗ ನೀರಿನಿಂದ ಮೇಲಕ್ಕೆ ಬರ್ತಾನೆ, ಆತ್ಮ ಪಾರಿವಾಳದ ಹಾಗೆ ಇಳೀತಾನೆ, ತಂದೆ ಆಕಾಶದಿಂದ ಮಾತಾಡ್ತಾನೆ. ಮೂವರೂ ಒಂದೇ ಹೊತ್ತಿಗೆ. ಏಳು ವರ್ಷದ ಮಗುವಿಗೂ ಅರ್ಥವಾಗುತ್ತೆ, ಚಾರ್ಟೂ ಬೇಡ.

ಗಿಟಾರ್_ತಮ್ಮ
ಅಯ್ಯೋ, ಅರ್ಧ ಲೋಕ ಆ ಚಾರ್ಟ್ ಬರೆದಿದೆ ಮಿಸ್. ಎಲ್ಲರೂ ದುರ್ಬೋಧಕರಾ?

ಸಂಡೇಸ್ಕೂಲ್_ಮಿಸ್
ಅಲ್ಲಪ್ಪ. ಗೊತ್ತಿಲ್ಲದೆ ಹೇಳಿದ್ದು. ಅದಕ್ಕೇ ಪಾಠಪುಸ್ತಕ ಆಯ್ಕೆ ಮಾಡೋವಾಗ ಇಬ್ಬರು ಮುಂಚೆಯೇ ಓದಬೇಕು ಅನ್ನೋದು. ನೀವು ಹಾಡು ನಡೆಸೋರು ತಾನೆ? ಹಾಡಿನ ಸಾಹಿತ್ಯ ಯಾರು ಓದ್ತಾರೆ?

ಗಿಟಾರ್_ತಮ್ಮ
ರಾಗ ಚೆನ್ನಾಗಿದ್ರೆ ಹಾಡ್ತೀವಿ 😅

ತೀತ_1_9
ಅಲ್ಲೇ ಇರೋದು ತೂತು. ಪ್ರಸಂಗ ಮಂಗಳವಾರಕ್ಕೆ ಮರೆತುಹೋಗುತ್ತೆ, ಹಾಡು ಸಾಯೋವರೆಗೂ ನಾಲಿಗೆ ಮೇಲಿರುತ್ತೆ. ಅರಿಯಸ್ ಕೂಡ ತನ್ನ ಬೋಧನೆಯನ್ನ ಹಾಡು ಮಾಡಿ ಹರಡಿದ ಅಂತ ಹಳೇ ಇತಿಹಾಸಕಾರರು ಬರೆದಿದ್ದಾರೆ. ಹೊಸ ಹಾಡು ಬಂದಾಗ ರಾಗ ಬಿಟ್ಟು ಸಾಹಿತ್ಯ ಮಾತ್ರ ಗಟ್ಟಿಯಾಗಿ ಓದಿ. ಯಾರನ್ನ ಉದ್ದೇಶಿಸಿ ಹಾಡ್ತಿದ್ದೀವಿ, ಶಿಲುಬೆ ಎಲ್ಲಾದ್ರೂ ಇದೆಯಾ, ದೇವರು ಕೊಡದ ವಾಗ್ದಾನವನ್ನ ದೇವರ ಬಾಯಲ್ಲಿ ಇಟ್ಟಿದ್ದೀವಾ. ಐದು ನಿಮಿಷದ ಕೆಲಸ.

ಮೂಲೆಬೆಂಚು
ಅತಿಥಿ ಬೋಧಕರ ವಿಷಯ ಯಾರೂ ಹೇಳಲಿಲ್ಲ.

ಖಜಾಂಚಿ_ಅಕ್ಕ
ನಾನು ಹೇಳ್ತೀನಿ. ದಿದಾಖೆ ಅಂತ ಸಭೆಯ ಮೊದಲ ಕಾಲದ ಕೈಪಿಡಿ ಇದೆ. ಅದರ 11ನೇ ಅಧ್ಯಾಯದ ನಿಯಮ: ಬಂದ ಅಪೊಸ್ತಲ ಒಂದು ದಿನ, ಬೇಕಾದ್ರೆ ಎರಡು ದಿನ ಇರಲಿ, ಮೂರು ದಿನ ಕೂತ್ರೆ ಸುಳ್ಳು ಪ್ರವಾದಿ. ಹೊರಡುವಾಗ ದಾರಿಗೆ ರೊಟ್ಟಿ ಕೊಡಿ, ಹಣ ಕೇಳಿದ್ರೆ ಸುಳ್ಳು ಪ್ರವಾದಿ. ಬೇರೆ ಬಡವರಿಗಾಗಿ ಕೇಳಿದ್ರೆ ಮಾತ್ರ ತೀರ್ಪು ಬೇಡ. ಅಷ್ಟು ಹಿಂದೆಯೇ ಎಷ್ಟು ಪೆಟ್ಟು ತಿಂದಿದ್ರೋ ಪಾಪ.

ಈಗಿನ ಕಾಲಕ್ಕೆ: ಕರೆಯೋ ಮೊದಲು ಅವರ ಮೂರು ಪ್ರಸಂಗ ಪೂರ್ತಿ ಕೇಳಿ, ಪ್ರಚಾರದ ತುಣುಕಲ್ಲ. ಅದರಲ್ಲಿ ಒಂದು ಕಾಣಿಕೆಯ ಬಗ್ಗೆ ಇರಲಿ, ಬಣ್ಣ ಬಯಲಾಗೋದೇ ಅಲ್ಲಿ. ಹಿಂದೆ ಹೋಗಿದ್ದ ಎರಡು ಸಭೆಗಳಿಗೆ ಫೋನ್ ಮಾಡಿ, "ಮತ್ತೆ ಕರೀತೀರಾ?" ಅಂತ ಒಂದೇ ಪ್ರಶ್ನೆ ಕೇಳಿ. ಉತ್ತರಕ್ಕೆ ಮುಂಚೆ ಬರೋ ಮೌನವನ್ನೂ ಕೇಳಿಸಿಕೊಳ್ಳಿ. ನಮ್ಮ ವಿಶ್ವಾಸ ಪ್ರಮಾಣ (ನಾವು ಏನು ನಂಬ್ತೀವಿ ಅನ್ನೋ ಹೇಳಿಕೆ) ಕಳಿಸಿ ಒಪ್ಪಿಗೆ ಬರಹದಲ್ಲಿ ತಗೊಳ್ಳಿ. ಯಾವ ವಾಕ್ಯಭಾಗ ಅನ್ನೋದು ಮೊದಲೇ ಗೊತ್ತಿರಲಿ. ವೇದಿಕೆಯಿಂದ ಹಣದ ಮನವಿ ಇಲ್ಲ, ಸದಸ್ಯರ ಫೋನ್ ನಂಬರ್ ಸಂಗ್ರಹ ಇಲ್ಲ. ಗೌರವಧನ ಎಷ್ಟು ಅಂತ ಮೊದಲೇ ಹೇಳಿ, ಸಭೆಯ ಖಾತೆಯಿಂದ ಇಬ್ಬರ ಸಹಿಯಲ್ಲಿ ಕೊಡಿ. ಕೊನೆಯ ಪ್ರಾರ್ಥನೆ ಅತಿಥಿಗೆ ಬಿಡಬೇಡಿ, ಒಬ್ಬ ಹಿರಿಯರು ಮಾಡಲಿ. ತಪ್ಪು ಮಾತು ಬಂದಿದ್ರೆ ಅಲ್ಲೇ ಎರಡು ಸಾಲಿನಲ್ಲಿ ಸೌಮ್ಯವಾಗಿ ತಿದ್ದೋಕೆ ಅವಕಾಶ ಇರುತ್ತೆ.

ಸುಮ್ನೆ_ಓದುವವ
ಇಷ್ಟೆಲ್ಲ ಷರತ್ತು ಹಾಕಿದ್ರೆ ಯಾರು ಬರ್ತಾರೆ?

ಖಜಾಂಚಿ_ಅಕ್ಕ
ಬರಬೇಕಾದವರು ಬರ್ತಾರೆ.

ಬೆರೋಯ_ದೀಪ
ಇನ್ನೊಂದು ಬಾಗಿಲು: ಗುಟ್ಟಿನ ಬೈಬಲ್ ಸ್ಟಡಿ. ಸಂಘದ ಹೆಸರು ಹೇಳಲ್ಲ. "ಸದ್ಯಕ್ಕೆ ನಿಮ್ಮ ಪಾಸ್ಟರ್‌ಗೆ ಹೇಳಬೇಡಿ, ಅವರಿಗೆ ಅರ್ಥವಾಗಲ್ಲ" ಅಂತಾರೆ. ವಾರಕ್ಕೆ ಮೂರು ನಾಲ್ಕು ತರಗತಿ. ಮೊದಲ ತಿಂಗಳು ಎಲ್ಲ ಸರಿ ಇರುತ್ತೆ, ಆಮೇಲೆ ಬೈಬಲ್‌ನ ಕೊನೆಯ ಪುಸ್ತಕವಾದ ಪ್ರಕಟನೆಯ ಮುದ್ರೆಗಳನ್ನ ಬಿಡಿಸಬಲ್ಲವನು ಈ ಭೂಮಿ ಮೇಲೆ ಒಬ್ಬನೇ ಅಂತ ಬರುತ್ತೆ. ಗುಟ್ಟು ಮಾಡಿ ಅಂದ ಕೂಡಲೇ ಎದ್ದು ಬನ್ನಿ, ಪಾಠ ಪರೀಕ್ಷಿಸೋ ಅಗತ್ಯವೂ ಇಲ್ಲ. ಯುವಕರಿಗೆ ಇದನ್ನ ಮುಂಚೆಯೇ ಹೇಳಿಟ್ಟಿರಬೇಕು.

ಹಳೇಒಡಂಬಡಿಕೆ
ದಿನಾಂಕ ಹೇಳೋರನ್ನೂ ಸೇರಿಸಿ. ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್‌ನ ಅನುಯಾಯಿಗಳು ಕ್ರಿಸ್ತನ ಮರುಬರೋಣ ಅಂತ 1844ರ ಅಕ್ಟೋಬರ್ 22ಕ್ಕೆ ಕಾದು ಕೂತರು, ಆಗಲಿಲ್ಲ. ಇವತ್ತಿಗೂ ಹೊಸ ದಿನಾಂಕ ಬರ್ತಾನೇ ಇದೆ. ಧರ್ಮೋಪದೇಶಕಾಂಡ 18:22 ಸಾಕು: ಹೇಳಿದ್ದು ನಡೆಯದಿದ್ರೆ ಅದು ಯೆಹೋವನ ಮಾತಲ್ಲ. ಆದ್ರೆ 13ನೇ ಅಧ್ಯಾಯ ಇನ್ನೂ ಕಠಿಣ. ಹೇಳಿದ ಅದ್ಭುತ ನಡೆದರೂ, ಬೇರೆ ದೇವರ ಕಡೆಗೆ ಕರೆದ್ರೆ ಕೇಳಬೇಡ. ನಡೆದದ್ದೇ ಪುರಾವೆ ಅಲ್ಲ.

ಸುಮ್ನೆ_ಓದುವವ
ಒಪ್ಪಿದೆ. ಆದ್ರೆ ನನ್ನ ಹಳೇ ತಕರಾರು ಬಿಡಲ್ಲ. ಪ್ರಕಟನೆ 2ರಲ್ಲಿ ಎಫೆಸದವರು ಸುಳ್ಳು ಅಪೊಸ್ತಲರನ್ನ ಪರೀಕ್ಷಿಸಿ ಹಿಡಿದರು, ಅದಕ್ಕೆ ಹೊಗಳಿಕೆ ಸಿಕ್ತು. ಎರಡೇ ವಾಕ್ಯದ ನಂತರ, ಮೊದಲಿದ್ದ ಪ್ರೀತಿ ಬಿಟ್ಟಿದ್ದೀಯ, ದೀಪಸ್ತಂಭ ತೆಗೆದುಬಿಡ್ತೀನಿ ಅಂತ. ಇನ್ನು 3 ಯೋಹಾನದ ದಿಯೊತ್ರೇಫ! ಸಹೋದರರನ್ನ ಸೇರಿಸಿಕೊಳ್ಳಲ್ಲ, ಸೇರಿಸಿಕೊಳ್ಳೋರನ್ನ ಸಭೆಯಿಂದ ಹೊರಗೆ ಹಾಕ್ತಾನೆ. ಅವನೂ ತಾನು ಸಭೆ ಕಾಯ್ತಿದ್ದೀನಿ ಅಂತಲೇ ಅಂದುಕೊಂಡಿರಬೇಕು.

ತೀತ_1_9
ಅದೇ ಅಧ್ಯಾಯದಲ್ಲಿ ಥುವತೈರ ಸಭೆಯದ್ದನ್ನೂ ಓದಿ. ಅಲ್ಲಿ ಪ್ರೀತಿ, ಸೇವೆ ಹೆಚ್ಚುತ್ತಲೇ ಇತ್ತು. ಆಕ್ಷೇಪಣೆ ಏನು? ತಾನು ಪ್ರವಾದಿನಿ ಅಂತ ಹೇಳಿಕೊಂಡು ದಾರಿ ತಪ್ಪಿಸ್ತಿದ್ದ ಯೆಜೆಬೇಲಳನ್ನ ಸುಮ್ಮನೆ ಬಿಟ್ಟಿದ್ದೀಯ ಅಂತ. ಎರಡು ಕಡೆಯೂ ಹಳ್ಳ.

ಮೂಲೆಬೆಂಚು
ಸಭೆಗೆ ತಿಳಿಸೋ ಹಂತ ಬಂದ್ರೆ ಏನಂತ ಬರೀಬೇಕು? ಅಲ್ಲೇ ಗಾಸಿಪ್ ಶುರುವಾಗೋದು.

ಹಳೇಒಡಂಬಡಿಕೆ
1934ರ ಮೇ ತಿಂಗಳ ಬಾರ್ಮೆನ್ ಘೋಷಣೆಯ ಅಚ್ಚು ನೋಡಿ. ಹಿಟ್ಲರನ ಕಾಲದಲ್ಲಿ ಜರ್ಮನಿಯ ಲೂಥೆರನ್, ರಿಫಾರ್ಮ್ಡ್, ಸಂಯುಕ್ತ ಸಭೆಗಳ 139 ಪ್ರತಿನಿಧಿಗಳು ಸೇರಿ ಆರು ಅಂಶ ಬರೆದರು. ಪ್ರತಿ ಅಂಶದಲ್ಲೂ ಮೊದಲು ವಾಕ್ಯ, ಆಮೇಲೆ ನಾವು ನಂಬೋದು ಇದು, ಕೊನೆಗೆ ಈ ಸುಳ್ಳು ಬೋಧನೆಯನ್ನ ತಿರಸ್ಕರಿಸ್ತೀವಿ ಅಂತ. ವ್ಯಕ್ತಿಯ ಚಾರಿತ್ರ್ಯದ ಮಾತೇ ಇಲ್ಲ. ನಿಮ್ಮದಕ್ಕೂ ಇದೇ ಸಾಕು, ಆರು ಅಂಶ ಬೇಡ, ಒಂದು. ಮೇಲೆ ಹೇಳಿದ ವಿಷಯಕ್ಕೆ ಹೀಗೆ ಬರೀಬಹುದು: "ದೇವರು ಇಂದೂ ವಾಸಿಮಾಡುತ್ತಾನೆ ಎಂದು ನಂಬಿ ಪ್ರಾರ್ಥಿಸುತ್ತೇವೆ. ಗುಣವಾಗದವರಲ್ಲಿ ನಂಬಿಕೆ ಇಲ್ಲ ಎಂಬ ಬೋಧನೆಯನ್ನು ತಿರಸ್ಕರಿಸುತ್ತೇವೆ."

ಸಂಡೇಸ್ಕೂಲ್_ಮಿಸ್
ಓದಿ ಹೇಳಿ, ಗ್ರೂಪ್‌ಗೆ ಹಾಕಬೇಡಿ. ಹಾಕಿದ್ರೆ ಹತ್ತು ನಿಮಿಷದಲ್ಲಿ ಸ್ಕ್ರೀನ್‌ಶಾಟ್ ಬೇರೆ ಸಭೆಗಳಲ್ಲಿ ಇರುತ್ತೆ. ಪ್ರಶ್ನೆ ಇದ್ದವರಿಗೆ ಆರಾಧನೆ ಮುಗಿದ ಮೇಲೆ ಹಿರಿಯರು ಅರ್ಧ ಗಂಟೆ ಕೂರಲಿ.

ಗಿಟಾರ್_ತಮ್ಮ
ಆ ವ್ಯಕ್ತಿ ತಪ್ಪು ಒಪ್ಪಿಕೊಂಡು ವಾಪಸ್ ಬಂದ್ರೆ? ಮತ್ತೆ ಕೂಟ ನಡೆಸಬಹುದಾ?

ಬೆರೋಯ_ದೀಪ
ಸಹವಾಸಕ್ಕೆ ಅವತ್ತೇ. ಬೋಧನೆಗೆ ಸ್ವಲ್ಪ ಕಾಲ ಬೇಕು. ಯಾರಿಗೆ ತಪ್ಪು ಹೇಳಿಕೊಟ್ಟಿದ್ರೋ ಅದೇ ಕೂಟದಲ್ಲಿ ಮೊದಲು ಸರಿ ಮಾಡಿ ಹೇಳಲಿ. ಆಮೇಲೆ ಕೆಲವು ತಿಂಗಳು ಇನ್ನೊಬ್ಬರ ಜೊತೆ ಸೇರಿ ನಡೆಸಲಿ.

ಮೂಲೆಬೆಂಚು
ತುಂಬಾ ಉಪಕಾರ. ವಿಶ್ವಾಸ ಪ್ರಮಾಣವೇ ಸರಿಯಾಗಿ ಗೊತ್ತಿಲ್ಲದ ಸದಸ್ಯರಿಗೆ ಎಲ್ಲಿಂದ ಶುರು ಮಾಡೋದು?

ಸಂಡೇಸ್ಕೂಲ್_ಮಿಸ್
ಅಪೊಸ್ತಲರ ವಿಶ್ವಾಸ ಪ್ರಮಾಣ, ವಾರಕ್ಕೊಂದು ಸಾಲು, ಮನೆಕೂಟದಲ್ಲಿ ಇಪ್ಪತ್ತು ನಿಮಿಷ. ಹನ್ನೆರಡು ವಾರದಲ್ಲಿ ಮುಗಿಯುತ್ತೆ. ಪ್ರತಿ ಸಾಲಿಗೂ ಎರಡು ವಾಕ್ಯಭಾಗ ಅವರೇ ಹುಡುಕಿಕೊಂಡು ಬರಲಿ, ನೀವು ಕೊಡಬೇಡಿ. "ಪೊಂತ್ಯ ಪಿಲಾತನ ಕಾಲದಲ್ಲಿ" ಅನ್ನೋ ಸಾಲಿಗೆ ಬಂದಾಗ ಆ ಹೆಸರು ಅಲ್ಲಿ ಯಾಕಿದೆ ಅಂತ ಕೇಳಿ ನೋಡಿ, ಆ ವಾರ ಇಪ್ಪತ್ತು ನಿಮಿಷ ಸಾಲಲ್ಲ.